ತೊಡೆಯ ಮೇಲಿನ ದೊರೆ

*ನನ್ನನ್ನು ಒತ್ತೆಯಿಟ್ಟ ನಾಲ್ಕನೆಯ ವರ್ಷ, ಚಳಿಗಾಲದ ಮೊದಲ ತಿಂಗಳು
ಪಾಂಗ್ ರಾಜಧಾನಿಯಿಂದ*

ತಮ್ಮ ಯಾನ್‌ಗೆ,

ಅಪ್ಪ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಇಲ್ಲಿ ಕುದುರೆಗಳಿಗೆ ಹುಲ್ಲು ತರುವ ಮುದುಕ. "ಏನಪ್ಪಾ, ನಿಮ್ಮಪ್ಪ ಹೋಗಿ ಇಪ್ಪತ್ತು ದಿನ ಆಯ್ತಂತೆ. ನೀನಿನ್ನೂ ಬಣ್ಣದ ಬಟ್ಟೆ ಹಾಕ್ಕೊಂಡು ಓಡಾಡ್ತಿದ್ದೀಯಲ್ಲ?" ಎಂದ. ನಿನ್ನ ದೂತ ಬಂದದ್ದು ಆಮೇಲೆ ಒಂಬತ್ತು ದಿನಕ್ಕೆ. ಹುಲ್ಲಿನ ಗಾಡಿಗಿಂತ ನಿಧಾನವಾಗಿ ಬರುವ ದೂತನನ್ನು ಎಲ್ಲಿ ಹುಡುಕಿದೆಯೋ ಕಾಣೆ.

ನೀನು ಯೂನ್ ದೇಶದ ದೊರೆಯಾದೆ, ಸಂತೋಷ. ಈ ಒಂದು ಮಾತನ್ನು ಎರಡು ಸಲ ಬರೆದು ಚಾಕುವಿನಿಂದ ಕೆರೆದಿದ್ದೇನೆ. ಬಿದಿರಿನ ಪಟ್ಟಿಯ ಮೇಲೆ ಗುರುತು ಕಾಣುತ್ತದೆ. ಕಾಣಲಿ.

ನನ್ನಮ್ಮ ಎರಡನೆಯವಳು, ನಿನ್ನಮ್ಮ ಪಟ್ಟದವಳು. ನಾನು ಆರು ವರ್ಷ ಮೊದಲೇ ಹುಟ್ಟಿಬಂದು ಏನು ಪ್ರಯೋಜನ? ತಾತನ ಪೂಜೆ ನಿನಗೆ ನೆನಪಿರಲಿಕ್ಕಿಲ್ಲ. ಸತ್ತ ತಾತ ಬಂದು ಉಣ್ಣಬೇಕಾದರೆ ಮೊಮ್ಮಗನೊಬ್ಬ ಅವನ ಅಂಗಿ ತೊಟ್ಟು ಆಸನದಲ್ಲಿ ತಾತನಾಗಿ ಕೂರಬೇಕು. ಒಂಬತ್ತು ವರ್ಷದ ನಾನಿದ್ದೆ. ಅಂಗಿ ತೊಡಿಸಿದ್ದು ಮೂರು ವರ್ಷದ ನಿನಗೆ. ನೀನೋ ಒಂದು ಗಳಿಗೆ ಕೂತಲ್ಲಿ ಕೂರುವ ಕೂಸಲ್ಲ, ಯಾರಾದರೂ ಹಿಡಿದುಕೊಳ್ಳಬೇಕು. ಅದಕ್ಕೆ ನನ್ನನ್ನು ಆಸನದಲ್ಲಿ ಕೂರಿಸಿ ತೊಡೆಯ ಮೇಲೆ ನಿನ್ನನ್ನಿಟ್ಟರು. ಇಡೀ ವಂಶ ಬಂದು ನಿನಗೆ ಅಡ್ಡಬಿತ್ತು. ನಾನು ಬರೀ ತೊಡೆ. ಕೊನೆಗೆ ನೀನು ನನ್ನ ಬಟ್ಟೆ ಒದ್ದೆ ಮಾಡಿದೆ. ಪೂಜಾರಿ ಫಾಂಗ್, "ತಾತ ಸಂತೃಪ್ತನಾದ!" ಎಂದು ಕೂಗಿದ. ಎಲ್ಲರೂ ನಕ್ಕರು.

ಒಂದೇ ಕೇಳುತ್ತೇನೆ. ಕೊನೆಯ ದಿನಗಳಲ್ಲಿ ಅಪ್ಪ ನನ್ನ ವಿಷಯ ಏನಾದರೂ ಅಂದನೇ?

ಅಣ್ಣ, ಲುವೊ

*ಯಾನ್ ದೊರೆಯ ಆಳ್ವಿಕೆಯ ಮೊದಲನೆಯ ವರ್ಷ, ಚಳಿಗಾಲದ ಮೂರನೆಯ ತಿಂಗಳು
ಯೂನ್ ಅರಮನೆಯಿಂದ*

ಅಣ್ಣನಿಗೆ,

ದೂತನ ಕುದುರೆ ಕುಂಟಿತು. ಅವನಿಗೆ ಶಿಕ್ಷೆಯಾಗಿದೆ.

ಅಪ್ಪನಿಗೆ ಕೊನೆಯ ಐದು ದಿನ ಮಾತು ಬಿದ್ದುಹೋಗಿತ್ತು. ಏನೂ ಹೇಳಲಿಲ್ಲ. ನಿನ್ನ ಪ್ರಶ್ನೆಗೆ ಇಷ್ಟೇ ಉತ್ತರ.

ನಿನ್ನನ್ನು ಬಿಡಿಸುವ ಬಗ್ಗೆ ಪಾಂಗಿನವರ ಜೊತೆ ಮಾತು ನಡೆದಿದೆ. ಅವರು ಬಗ್ಗುವ ಜನರಲ್ಲ, ನಿನಗೂ ಗೊತ್ತು. ನೀನು ಅಲ್ಲಿರುವವರೆಗೆ ಅವರ ರಥಗಳು ನಮ್ಮ ಗಡಿ ದಾಟುವುದಿಲ್ಲ. ದೇಶಕ್ಕಾಗಿ ಇನ್ನಷ್ಟು ದಿನ ತಡೆದುಕೋ. ಹಿರಿಯರ ಪೂಜೆಯ ಹಂದಿಯ ಮಾಂಸದಲ್ಲಿ ನಿನ್ನ ಪಾಲನ್ನು ಉಪ್ಪು ಹಾಕಿ ಕಳಿಸಿದ್ದೇನೆ.

ಯಾನ್

*ನನ್ನನ್ನು ಒತ್ತೆಯಿಟ್ಟ ಏಳನೆಯ ವರ್ಷ, ವಸಂತದ ಎರಡನೆಯ ತಿಂಗಳು*

ತಮ್ಮ ಯಾನ್‌ಗೆ,

ಈ ವರ್ಷವೂ ಪಕ್ಕೆಲುಬೇ ಬಂತು. ಮಾಂಸ ಕಡಿಮೆ, ಉಪ್ಪು ಜಾಸ್ತಿ. ಭುಜದ ತುಂಡು ಮನೆಯ ಹಿರಿಯನಿಗೆ, ಪಕ್ಕೆಲುಬು ನೆಂಟರಿಷ್ಟರಿಗೆ, ಮೊಣಕಾಲು ಕಾವಲುಗಾರರಿಗೆ ಎಂದು ನಮಗೆ ಕಲಿಸಿದವನು ಅಪ್ಪನೇ. ನೆಂಟರ ಸಾಲಿನಲ್ಲಾದರೂ ಇಟ್ಟಿದ್ದೀಯಲ್ಲ, ದೊಡ್ಡ ಮನಸ್ಸು.

ಇಲ್ಲಿ ನನ್ನ ಪಾಡು ಕೇಳಬೇಡ. ಮಳೆ ಬಂದರೆ ಸೋರುವ ಮನೆ, ಎರಡು ಹೊತ್ತು ನವಣೆ ಗಂಜಿ. ಮರದ ಬಟ್ಟಲುಗಳಿಗೆ ಕೆಂಪು ಮೆರುಗು ಹಚ್ಚುವವನ ಮಗಳನ್ನು ಮದುವೆಯಾಗಿದ್ದೇನೆ. ಹೆಸರು ರೋಂಗ್. ಹೊತ್ತು ಹೋಗಲೆಂದು ನಾನೂ ಮಾವನ ಜೊತೆ ಕೂತು ಬಟ್ಟಲಿಗೆ ಮೆರುಗು ಹಚ್ಚುತ್ತೇನೆ. ದೊರೆಯ ಮಗನ ಬೆರಳುಗಳನ್ನು ಈಗ ನೋಡಬೇಕು ನೀನು.

ಹೋದ ತಿಂಗಳು ಗಂಡುಮಗು ಹುಟ್ಟಿತು. ಮಿನ್ ಎಂದು ಹೆಸರಿಟ್ಟಿದ್ದೇವೆ. ನಿನ್ನ ಅರಮನೆಯಲ್ಲಿ ಮೂವರು ರಾಣಿಯರಿದ್ದಾರಂತೆ, ತೊಟ್ಟಿಲು ಮಾತ್ರ ಇನ್ನೂ ಅಟ್ಟದ ಮೇಲೇ ಇದೆಯಂತೆ. ಹುಲ್ಲಿನ ಮುದುಕ ಹೇಳಿದ. ನನಗಂತೂ ಕೇಳಿ ತುಂಬಾ ಬೇಜಾರಾಯಿತು.

ಲುವೊ

*ಯಾನ್ ದೊರೆಯ ಆಳ್ವಿಕೆಯ ಆರನೆಯ ವರ್ಷ, ಶರತ್ಕಾಲದ ಮೊದಲ ತಿಂಗಳು*

ಅಣ್ಣನಿಗೆ,

ನೀನು ಪತ್ರಕ್ಕೆ ನನ್ನ ಆಳ್ವಿಕೆಯ ವರ್ಷ ಹಾಕುವುದಿಲ್ಲ. ಓದಿ ಹೇಳುವ ಗುಮಾಸ್ತ ಪ್ರತಿ ಸಲವೂ ಅಲ್ಲಿಗೆ ಬಂದಾಗ ಕೆಮ್ಮುತ್ತಾನೆ. ಇರಲಿ.

ಹಳದಿ ನದಿಗೆ ಎರಡು ದಿನದ ದಾರಿಯಷ್ಟು ಉದ್ದಕ್ಕೆ ಒಡ್ಡು ಕಟ್ಟಿಸಿದ್ದೇನೆ. ಅಪ್ಪನಿಂದ ಆಗದ ಕೆಲಸ. ಒಂಬತ್ತು ಕಂಚಿನ ಗಂಟೆಗಳನ್ನು ಎರಕ ಹೊಯ್ಸಿದ್ದೇನೆ. ಸಂತೆಯಲ್ಲಿ ಜನ ನನ್ನನ್ನು "ನದಿ ಕಟ್ಟಿದ ದೊರೆ" ಅನ್ನುತ್ತಾರೆ. ನಿನ್ನ ಹುಲ್ಲಿನ ಮುದುಕ ಇದನ್ನೂ ಹೇಳಿದ್ದಾನೋ ಇಲ್ಲವೋ.

ಅಪ್ಪನ ಶೋಕದ ವರ್ಷಗಳು ಮುಗಿದು ಬಹಳ ಕಾಲವಾಯಿತು. ಈಗ ಅವನನ್ನು ಕೂರಿಸಿ ಉಣ್ಣಿಸಬೇಕು. ತಂದೆಯಾಗಿ ಮಗ ಕೂರುವಂತಿಲ್ಲ, ಮೊಮ್ಮಗನೇ ಆಗಬೇಕು, ನಮ್ಮ ರಕ್ತವೇ ಆಗಬೇಕು. ಇಡೀ ಭೂಮಿಯ ಮೇಲೆ ಅಪ್ಪನಿಗಿರುವುದು ಒಬ್ಬನೇ ಮೊಮ್ಮಗ. ಅವನನ್ನು ಈ ಚಳಿಗಾಲಕ್ಕೆ ಕಳಿಸು. ಪಾಂಗಿನವರಿಗೆ ನೀನಿದ್ದರೆ ಸಾಕು, ಹುಡುಗನನ್ನು ತಡೆಯುವುದಿಲ್ಲ. ಇದನ್ನು ಬೇಡಿಕೆ ಎಂದುಕೊಳ್ಳಬೇಡ, ದೊರೆಯ ಅಪ್ಪಣೆ.

ಅವನು ನೋಡಲು ಯಾರ ಹಾಗಿದ್ದಾನೆ? ಅಪ್ಪನ ದೊಡ್ಡ ಕಿವಿ ಬಂದಿದೆಯೇ?

ಯಾನ್

*ನನ್ನನ್ನು ಒತ್ತೆಯಿಟ್ಟ ಒಂಬತ್ತನೆಯ ವರ್ಷ, ಶರತ್ಕಾಲದ ಮೂರನೆಯ ತಿಂಗಳು*

ನದಿ ಕಟ್ಟಿದ ಮಹಾಪ್ರಭುಗಳ ಪಾದಗಳಿಗೆ,

ತಮ್ಮ ಅಪ್ಪಣೆ ತಲುಪಿತು. ಆಸನ ತಾವು ತೆಗೆದುಕೊಂಡಿರಿ, ಭುಜದ ತುಂಡು ತಾವೇ ತಿಂದಿರಿ, ನದಿಯನ್ನೂ ಕಟ್ಟಿದಿರಿ. ತೊಟ್ಟಿಲು ಕಟ್ಟಲು ಮಾತ್ರ ತಮ್ಮ ಕೈಲಾಗಲಿಲ್ಲ. ಈಗ ಅದಕ್ಕೂ ನನ್ನ ಮನೆಗೇ ಕೈ ಹಾಕುತ್ತಿದ್ದೀರಿ.

ರೋಂಗ್ ಹೇಳಿದಳು, "ಕಳಿಸಿಬಿಡ್ರೀ. ಒಂದು ಚಳಿಗಾಲ ತಾನೇ? ಸತ್ತೋರು ಉಪವಾಸ ಇದ್ರೆ ಯಾರಿಗೆ ಒಳ್ಳೇದಾಗುತ್ತೆ?" ನಾನಂದೆ, "ನಿಂಗೊತ್ತಿಲ್ಲ. ನನ್ನ ಮರದ ಕುದುರೆ ಒಂದು ದಿನ ಆಡಿ ಕೊಡ್ತೀನಿ ಅಂತ ತಗೊಂಡ. ಇವತ್ತಿಗೂ ಕೊಟ್ಟಿಲ್ಲ." ಅವಳು, "ಅಯ್ಯೋ, ಕುದುರೆ ವಿಷಯ ಇನ್ನೂ ಹೊಟ್ಟೇಲಿಟ್ಕೊಂಡಿದ್ದೀರಾ?" ಎಂದು ನಕ್ಕಳು. ಇಟ್ಟುಕೊಂಡಿದ್ದೇನೆ. ಸುಳ್ಳೇಕೆ ಹೇಳಲಿ, ನಿಮ್ಮ ಒಡ್ಡಿನ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆ ಒಡ್ಡು ನಾನು ಕಟ್ಟಬೇಕಾಗಿತ್ತು.

ಅಪ್ಪ ನನ್ನ ಹೆಸರೆತ್ತದೆ ಸತ್ತ. ಅಂಥವನ ಹಸಿವು ನನಗೇಕೆ? ಮಗನನ್ನು ಕಳಿಸುವುದಿಲ್ಲ. ಕಿವಿ ದೊಡ್ಡದೇ ಇದೆ. ಅಷ್ಟು ತಿಳಿದರೆ ಸಾಕು ತಮಗೆ.

ಒತ್ತೆಯಾಳು ಲುವೊ

*ಯಾನ್ ದೊರೆಯ ಆಳ್ವಿಕೆಯ ಹತ್ತನೆಯ ವರ್ಷ, ಬೇಸಿಗೆಯ ಮೂರನೆಯ ತಿಂಗಳು*

ಅಣ್ಣಾ,

ನಾಲ್ಕು ವರ್ಷ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ನಿನ್ನ ಹೊಟ್ಟೆ ತಣ್ಣಗಾಗುವ ಸುದ್ದಿ ಇದೆ.

ನೀನು ಒಲ್ಲೆ ಎಂದ ಸಿಟ್ಟಿಗೆ ದೊಡ್ಡ ರಾಣಿಯ ಅಣ್ಣನ ಮಗನಿಗೆ ಅಪ್ಪನ ಅಂಗಿ ತೊಡಿಸಿ ಆಸನದಲ್ಲಿ ಕೂರಿಸಿದೆ. ಫಾಂಗ್ ಕಾಲಿಗೆ ಬಿದ್ದ. "ಬ್ಯಾಡಿ ಪ್ರಭೂ, ಬೇರೆ ಮನೆ ಹುಡುಗನ್ನ ಕೂರಿಸಿದ್ರೆ ನಿಮ್ಮಪ್ಪಾಜಿ ಬಾಗಿಲಲ್ಲೇ ನಿಂತ್ಕೋತಾರೆ, ಒಳಗೆ ಬರಲ್ಲ" ಎಂದ. ಬಾಯಿ ಮುಚ್ಚಿಸಿದೆ. ಮೂರು ಚಳಿಗಾಲ ಆ ಹುಡುಗ ಚೆನ್ನಾಗಿಯೇ ತಿಂದ. ಈ ಬೇಸಿಗೆ ನದಿ ಒಡ್ಡನ್ನು ಒಡೆದು ಬಂತು. ನಲವತ್ತು ಹಳ್ಳಿ ಹೋದವು. ಮರಗಳ ತುದಿಯಲ್ಲಿ ಸತ್ತ ಹಸುಗಳು ನೇತಾಡುವುದನ್ನು ನಾನೇ ದೋಣಿಯಲ್ಲಿ ಹೋಗಿ ನೋಡಿದೆ. ಬದುಕಿ ಉಳಿದ ಹೆಂಗಸೊಬ್ಬಳು ನಾನು ಯಾರೆಂದು ತಿಳಿಯದೆ, "ಬೀಗರ ಹುಡುಗ ತಾತನ ಅನ್ನ ತಿಂದ, ತಾತ ಬಂದು ನಮ್ಮ ಹೊಲ ತಿಂದ" ಎಂದಳು. ಈಗ ಊರೆಲ್ಲ ಅದೇ ಮಾತು. ಸಂತೆಯಲ್ಲಿ ನನಗೆ ಬೇರೆ ಹೆಸರು ಬಂದಿದೆ, ಬರೆಯಲಾರೆ.

ಇನ್ನು ಮುಚ್ಚಿಡಲಾರೆ. ಅಪ್ಪನಿಗೆ ಮಾತು ಬಿದ್ದುಹೋಗಿರಲಿಲ್ಲ. ಐದು ದಿನವೂ ನಿನ್ನ ಹೆಸರೊಂದನ್ನೇ ಕರೆದ. "ಲುವೊ ಬಂದ್ನಾ? ಗಾಡಿ ಸದ್ದು ಕೇಳ್ತಿದೆಯಲ್ಲೋ?" ಎನ್ನುತ್ತಿದ್ದ. ಗಂಜಿ ಕುಡಿಸುತ್ತಿದ್ದವನು ನಾನು, ಮೈ ಒರೆಸುತ್ತಿದ್ದವನು ನಾನು, ಪಟ್ಟಕ್ಕೆ ಬರುವವನೂ ನಾನೇ. ಒಂದು ಸಲವೂ ಯಾನ್ ಎನ್ನಲಿಲ್ಲ. ಕೊನೆಯ ದಿನ ನನ್ನ ಕೈ ಹಿಡಿದು "ಲುವೊ?" ಎಂದ. ನಾನು, "ಹೂಂ ಅಪ್ಪಾ, ಬಂದಿದ್ದೀನಿ" ಎಂದೆ. ಆಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಸತ್ತ ತಾತನಾಗಿ ಕೂತಿದ್ದೆ ಅಂದೆಯಲ್ಲ, ಸಾಯುವ ಅಪ್ಪನ ಎದುರು ನೀನಾಗಿಯೂ ಕೂತವನು ನಾನು. ಆ ಹೊಟ್ಟೆಕಿಚ್ಚಿಗೆ ಹತ್ತು ವರ್ಷ ನಿನಗೆ ಹೇಳಲಿಲ್ಲ.

ಇದು ಅಪ್ಪಣೆಯಲ್ಲ ಅಣ್ಣ. ಮಗುವನ್ನು ಕಳಿಸು.

ಯಾನ್

*ನನ್ನನ್ನು ಒತ್ತೆಯಿಟ್ಟ ಹದಿಮೂರನೆಯ ವರ್ಷ, ಶರತ್ಕಾಲದ ಎರಡನೆಯ ತಿಂಗಳು*

ಯಾನ್,

ನಿನ್ನ ಪತ್ರವನ್ನು ಮೆರುಗಿನ ಕೊಟ್ಟಿಗೆಯಲ್ಲಿ ಕೂತು ಓದಿದೆ. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಮಾವನಿಗೆ ಹೇಳಿದೆ. ಆ ದಿನ ಒಲೆಯೇ ಹಚ್ಚಿರಲಿಲ್ಲ.

ಹತ್ತು ವರ್ಷ ನಾನು ಅಪ್ಪನನ್ನು ಬೈದುಕೊಂಡು ಮಲಗಿದ್ದೇನೆ. ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ, ಹೇಳು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ.

ಮಿನ್ ಬರುತ್ತಿದ್ದಾನೆ. ಅಪ್ಪನಿಗಾಗಿ ಕಳಿಸುತ್ತಿದ್ದೇನೆ, ನಿನಗಾಗಿ ಅಲ್ಲ. ಎಡಗಿವಿ ಆಗಾಗ ಸೋರುತ್ತದೆ, ಬೆಚ್ಚಗಿನ ಎಣ್ಣೆ ಎರಡು ಹನಿ ಬಿಡಿಸು. ಕತ್ತಲೆಗೆ ಹೆದರುತ್ತಾನೆ, ಆದರೆ ಹಾಗೆಂದು ಹೇಳುವುದಿಲ್ಲ. ಒಂದೇ ಚಳಿಗಾಲ. ವಸಂತಕ್ಕೆ ವಾಪಸ್ ಬರಬೇಕು.

ಲುವೊ

*ಯಾನ್ ದೊರೆಯ ಆಳ್ವಿಕೆಯ ಹನ್ನೊಂದನೆಯ ವರ್ಷ, ವಸಂತದ ಮೊದಲ ತಿಂಗಳು*

ಅಣ್ಣಾ,

ಅಪ್ಪ ಉಂಡ. ಮಿನ್ ಅಂಗಿಯಲ್ಲಿ ಮುಳುಗಿಹೋಗಿದ್ದ, ಕಿವಿ ಎರಡೇ ಹೊರಗೆ. ನಾನು ಅಡ್ಡಬಿದ್ದು, ಮದ್ಯ ಎರೆದು, ಭುಜದ ತುಂಡು ಮುಂದಿಟ್ಟೆ. ಮಿನ್ ನಾವು ಕಲಿಸಿಕೊಟ್ಟಂತೆ ಮೂರು ತುತ್ತು ತಿಂದು, "ಸಾಕು, ತೃಪ್ತಿಯಾಯ್ತು" ಎಂದ. ಆಮೇಲೆ ಕಲಿಸದೇ ಇದ್ದದ್ದನ್ನೂ ಹೇಳಿದ. "ನೀನೂ ತಿನ್ನು, ಸೊರಗಿಬಿಟ್ಟಿದ್ದೀಯ." ಫಾಂಗ್ ಗೊಳೋ ಎಂದು ಅತ್ತ. ಅಪ್ಪ ಒಂದು ದಿನವೂ ನನಗೆ ಹೇಳದ ಮಾತು ಅದು.

ಹುಡುಗ ರಾಣಿಯರಿಗೆಲ್ಲ ಕಥೆ ಹೇಳುತ್ತಾನೆ. "ನಮ್ಮಪ್ಪ ಬಟ್ಟಲಿಗೆ ಬಣ್ಣ ಹಚ್ತಾ ಜೋರಾಗಿ ಹಾಡು ಹೇಳ್ತಾನೆ, ಅಮ್ಮ ನಿಲ್ಸಿ ಮಾರಾಯ್ರೇ ಅಂತ ಸೌಟು ಎಸೀತಾಳೆ" ಎಂದ. ಮನೆ ಸೋರುತ್ತದೆಯಾ ಎಂದು ಕೇಳಿದೆ. "ಇಲ್ವಲ್ಲ, ಹೊಸ ಹಂಚು ಹಾಕಿಸಿದ್ದೀವಿ" ಎಂದ. ಅಣ್ಣ, ನೀನು ಗಂಜಿ ಕುಡಿದುಕೊಂಡು ನರಳುತ್ತಿದ್ದೀಯ ಎಂದುಕೊಂಡು ನಾನೆಷ್ಟು ರಾತ್ರಿ ಎದ್ದು ಕೂತಿದ್ದೇನೆ ಗೊತ್ತೇ? ನೀನು ಅಲ್ಲಿ ಹಾಡುತ್ತಿದ್ದೆ! ನನ್ನ ಮೇಲೆ ಈ ಮನೆಯಲ್ಲಿ ಯಾರೂ ಸೌಟು ಎಸೆಯುವುದಿಲ್ಲ.

ವೈದ್ಯರು ನನಗೆ ಮಕ್ಕಳಾಗುವುದಿಲ್ಲ ಎಂದಿದ್ದಾರೆ. ಮಿನ್ ಇಲ್ಲೇ ಇರಲಿ. ನನ್ನ ನಂತರ ಅವನೇ ದೊರೆ. ನೀನು ಬಯಸಿದ್ದು ನಿನ್ನ ಮಗನಿಗೆ ಸಿಗುತ್ತದೆ. ಬೇಡ ಎನ್ನಬೇಡ.

ಯಾನ್

*ನನ್ನನ್ನು ಒತ್ತೆಯಿಟ್ಟ ಹದಿನೇಳನೆಯ ವರ್ಷ, ವಸಂತದ ಮೂರನೆಯ ತಿಂಗಳು*

ಯಾನ್,

ವಸಂತಗಳು ಬಂದವು, ಹೋದವು. ಮಗ ಬರಲಿಲ್ಲ. ಬೇಡ ಎನ್ನಲು ನನ್ನಿಂದಾಗಲಿಲ್ಲ, ಅದು ನಿನಗೆ ಮೊದಲೇ ಗೊತ್ತಿತ್ತು. ಮಗ ದೊರೆಯಾಗುತ್ತಾನೆ ಎಂದರೆ ಯಾವ ಅಪ್ಪ ಬೇಡ ಎನ್ನುತ್ತಾನೆ? ರೋಂಗ್ ಮಾತ್ರ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಮರದ ಕುದುರೆಗೆ ಅಷ್ಟು ಅತ್ತೋರು ಮಗನ್ನ ಹೆಂಗ್ರೀ ಬಿಟ್ಕೊಟ್ರಿ?" ಎಂದಳು.

ಮೊದಲ ಪತ್ರಗಳಲ್ಲಿ ಮಿನ್ ನಿನ್ನನ್ನು ಚಿಕ್ಕಪ್ಪ ಎನ್ನುತ್ತಿದ್ದ. ಈಗ ನಿನ್ನನ್ನು ಅಪ್ಪ ಎನ್ನುತ್ತಾನೆ, ನನ್ನನ್ನು "ಪಾಂಗಿನ ಅಪ್ಪ". ಪತ್ರದ ಮೇಲೆ ನಿನ್ನ ಆಳ್ವಿಕೆಯ ವರ್ಷ, ಅದೂ ಅಂದವಾದ ಅಕ್ಷರದಲ್ಲಿ. ಹಾಡುವುದನ್ನು ನಿಲ್ಲಿಸಿದ್ದೇನೆ. ನಿನಗೆ ಸಮಾಧಾನವಾಗಲಿ.

ಲುವೊ

*ಯಾನ್ ದೊರೆಯ ಆಳ್ವಿಕೆಯ ಇಪ್ಪತ್ತನೆಯ ವರ್ಷ, ಶರತ್ಕಾಲದ ಮೊದಲ ತಿಂಗಳು*

ಅಣ್ಣಾ,

ಅಕ್ಷರ ಸೊಟ್ಟಗಿದ್ದರೆ ಬೇಸರಿಸಬೇಡ, ಗುಮಾಸ್ತನಿಂದ ಬರೆಸುವ ಪತ್ರವಲ್ಲ ಇದು. ಕೆಮ್ಮಿದರೆ ರಕ್ತ ಬರುತ್ತದೆ. ಮೂವತ್ತೇಳಕ್ಕೆ ಇಷ್ಟೇ.

ಬೇಸಿಗೆಯಲ್ಲಿ ಮಿನ್‌ನ ಹೆಂಡತಿಗೆ ಗಂಡುಮಗುವಾಯಿತು. ಅಟ್ಟದ ತೊಟ್ಟಿಲು ನಾನೇ ಇಳಿಸಿದೆ. ಕಿವಿ ಮತ್ತೆ ಅದೇ.

ನೀನು ಹೋದ ಮೇಲೆ ಅಪ್ಪ ಪ್ರತಿ ಸಂಜೆ ಪೇಟೆಯ ಬಾಗಿಲವರೆಗೆ ನಡೆದುಹೋಗಿ ನಿಲ್ಲುತ್ತಿದ್ದ. ನೀನು ಬಂದರೆ ನನ್ನನ್ನು ನೋಡುವವರು ಯಾರು ಎಂಬ ಭಯ ನನಗೆ ಅಂದೇ ಹತ್ತಿತು. ಪಾಂಗಿನವರು ಬಗ್ಗುವುದಿಲ್ಲ ಎಂದು ಬರೆದಿದ್ದೆನಲ್ಲ. ನನ್ನ ಆಳ್ವಿಕೆಯ ಎರಡನೆಯ ವರ್ಷ ಅವರೇ ಹೇಳಿಕಳಿಸಿದ್ದರು. ನಿನ್ನ ಬದಲು ಮಂತ್ರಿಯ ಮಗನನ್ನು ಕೊಟ್ಟರೆ ಸಾಕು, ನಿನ್ನನ್ನು ಬಿಡುತ್ತೇವೆ ಎಂದು. ಬೇಡ ಎಂದವನು ನಾನು. ಮಂತ್ರಿಗಳ ಮುಂದೆ ದೇಶದ ಹಿತ ಎಂದೆ. ನಿಜ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ದಾಯಾದಿ ಮತ್ಸರಕ್ಕೆ ಮದ್ದಿಲ್ಲ ಎನ್ನುತ್ತಾರಲ್ಲ.

ಈಗ ಗಡಿಯ ಮೂರು ಊರು ಬಿಟ್ಟುಕೊಟ್ಟು ನಿನ್ನನ್ನು ಬಿಡಿಸಿದ್ದೇನೆ. ಗಾಡಿ ಹೊರಟಿದೆ. ಬೈಯುವುದಕ್ಕಾದರೂ ಬಾ. ಬೇಗ ಬಾ.

ಯಾನ್

*ಯಾನ್ ದೊರೆಯ ಆಳ್ವಿಕೆಯ ಇಪ್ಪತ್ಮೂರನೆಯ ವರ್ಷ, ಚಳಿಗಾಲದ ಎರಡನೆಯ ತಿಂಗಳು
ಯೂನ್‌ನಿಂದ*

ತಮ್ಮ ಯಾನ್‌ಗೆ,

ಮೇಲಿನ ವರ್ಷ ನೋಡಿ ಗುಮಾಸ್ತ ಕೆಮ್ಮಿದ. "ಅಯ್ಯಾ, ಈಗ ಹೊಸ ದೊರೆಗಳ ಮೂರನೇ ವರ್ಷ ಅಲ್ವೇ?" ಎಂದ. "ನಾನು ಹೀಗೇ ಎಣಿಸೋದು, ನೀನು ಕೆಮ್ಮಿಗೆ ಶುಂಠಿ ತಿನ್ನು" ಎಂದೆ. ಈ ಪತ್ರವನ್ನು ನಿನ್ನ ಗೋರಿಯ ಬಾಗಿಲಲ್ಲಿ ಹೂಳುತ್ತೇನೆ.

ನೀನು ಕಳಿಸಿದ ಗಾಡಿಯನ್ನು ನಲವತ್ತು ದಿನ ನನ್ನ ಅಂಗಳದಲ್ಲಿ ನಿಲ್ಲಿಸಿಕೊಂಡೆ. ಬಿಡಿಸಬಹುದಾಗಿದ್ದರೂ ಹದಿನೆಂಟು ವರ್ಷ ನನ್ನನ್ನು ಕಾಯಿಸಿದವನು ನಲವತ್ತು ದಿನ ಕಾಯಲಿ ಎಂದುಕೊಂಡೆ. ಉತ್ತರವನ್ನು ನಾಲ್ಕು ಸಲ ಬರೆದು ಕೆರೆದೆ. ಪಟ್ಟಿ ತೆಳ್ಳಗಾಗಿ ಮುರಿಯಿತು. ಹೊರಟು ಬಂದಾಗ ನೀನು ಹೋಗಿ ಹನ್ನೊಂದು ದಿನವಾಗಿತ್ತು. ನೀನು ಕೂಡ ಗಾಡಿ ಸದ್ದು ಕೇಳಿತೇ ಎಂದು ಕೇಳುತ್ತಿದ್ದೆಯಂತೆ. ಮಿನ್ ನನಗೆ ಹೇಳಿದ. ಅವನಿಗೆ ಗೊತ್ತಿಲ್ಲ ಆ ಮಾತು ನನಗೆ ಏನು ಮಾಡಿತು ಎಂದು.

ಇನ್ನೊಂದು ಹೇಳುತ್ತೇನೆ, ನೀನು ಊಹಿಸಿದ್ದೇ. ನಾನು ಪಾಂಗಿನಲ್ಲಿ ಚೆನ್ನಾಗಿದ್ದೆ. ಹೊಟ್ಟೆ ತುಂಬ ಉಂಡೆ, ಕಣ್ಣು ತುಂಬ ನಿದ್ದೆ ಮಾಡಿದೆ. ನಿನ್ನ ಒಡ್ಡಿನ ಮೇಲೆ ಈ ತಿಂಗಳು ನಡೆದುಬಂದೆ. ಒಡೆದ ಜಾಗದಲ್ಲಿ ನೀನು ಮತ್ತೆ ಕಟ್ಟಿಸಿದ್ದೀಯ, ಕಲ್ಲಿಗೆ ಕಲ್ಲು. ನನ್ನಿಂದ ಆಗುತ್ತಿರಲಿಲ್ಲ. ಅಲ್ಲಿ ನಿಂತಾಗಲೂ ಹೊಟ್ಟೆ ಉರಿಯಿತು ಎಂದರೆ ನೀನು ನಂಬುತ್ತೀಯ.

ನಿನ್ನೆ ನಿನ್ನ ಪೂಜೆ. ನೀನು ಬಂದು ಉಣ್ಣಬೇಕಲ್ಲ, ಮಿನ್‌ನ ಮಗುವಿಗೆ ನಿನ್ನ ಅಂಗಿ ತೊಡಿಸಿದರು. ಮೂರು ವರ್ಷದ ಕೂಸು, ಒಂದು ಗಳಿಗೆ ಕೂತಲ್ಲಿ ಕೂರುವುದಿಲ್ಲ. ಯಾರಾದರೂ ಹಿಡಿದುಕೊಳ್ಳಬೇಕು ಎಂದ ಫಾಂಗ್. ಅವನಿಗೀಗ ಕಣ್ಣು ಕಾಣುವುದಿಲ್ಲ. "ನಾನಿದ್ದೀನಿ" ಎಂದೆ. ದನಿಯಲ್ಲೇ ಗುರುತು ಹಿಡಿದು, "ಅಯ್ಯೋ, ನಿಮಗೆ ಇದು ಹೊಸದಲ್ಲ ಬಿಡಿ" ಎಂದ.

ಹೀಗೆ ಆ ಆಸನದಲ್ಲಿ ಮತ್ತೆ ಕೂತೆ, ತೊಡೆಯ ಮೇಲೆ ನೀನು. ಇಡೀ ವಂಶ ಬಂದು ಅಡ್ಡಬಿತ್ತು, ನನ್ನ ಮಗನೂ ಬಿದ್ದ. ಒಬ್ಬರೂ ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ತೊಡೆ ಬೆಚ್ಚಗೆ ಒದ್ದೆಯಾಯಿತು. ಫಾಂಗ್‌ನ ಕಿವಿಯಲ್ಲಿ ಹೇಳಿದೆ. ಮುದುಕ ಇದ್ದ ಬದ್ದ ಉಸಿರೆಲ್ಲ ಸೇರಿಸಿ, "ದೊರೆ ಸಂತೃಪ್ತನಾದ!" ಎಂದು ಕೂಗಿದ. ಈ ಸಲ ನಾನೂ ನಕ್ಕೆ.

ಆಮೇಲೆ ಮಿನ್ ಭುಜದ ತುಂಡು ತಂದು ಮುಂದಿಟ್ಟ. ಮಗು ಒಂದು ಚೂರು ಕಿತ್ತು ಬಾಯಿಗಿಟ್ಟುಕೊಂಡು ಅಗಿಯಿತು. ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿ, "ನೀ ತಿನ್ನು" ಎಂದು ನನ್ನ ಬಾಯಿಗೆ ತುರುಕಿತು. ಎಲ್ಲರೂ ಗಾಬರಿಯಾದರು. ಫಾಂಗ್, "ಏನಾಯ್ತು, ಏನಾಯ್ತು?" ಎಂದ. ಮಿನ್ ಅವನಿಗೆ ಮೆಲ್ಲಗೆ ಹೇಳಿದ, "ಏನಿಲ್ಲ ತಾತ, ದೊರೆ ತಮ್ಮ ಅಣ್ಣನಿಗೆ ಪಾಲು ಕೊಟ್ರು."

ತಿಂದೆ, ಯಾನ್. ಉಪ್ಪು ಸರಿಯಾಗಿತ್ತು.

ಅಣ್ಣ, ಲುವೊ